ಆಕಾಶದಿಂದ ನೆಲದ ಹಸಿ ಅಳೆಯುವುದು ಹೇಗೆ?



ಕಳೆದ ಮಾಸಿಕ ಸಭೆ ಮುಗಿದು ಚಹಾ ಕುಡಿಯುತ್ತ ನಿಂತಿದ್ದಾಗ ಅಕ್ಕಲಕೋಟ ಕಡೆಯ ಹಿರಿಯ ಸದಸ್ಯರೊಬ್ಬರು ಮೊಬೈಲ್ ಮುಂದೆ ಹಿಡಿದು, “ಉಪಗ್ರಹ ನಮ್ಮ ಹೊಲದಾಗಿನ ಹಸಿ ಎಷ್ಟದ ಅಂತ ಹೇಳ್ತದಂತ. ಖರೇ ಏನ್ರಿ ಇದು?” ಎಂದು ಕೇಳಿದರು. ಯಾರೋ ಕಳಿಸಿದ ಬಣ್ಣದ ನಕಾಶೆ ಅದು. ಒಂದು ಕಡೆ ನೀಲಿ, ಒಂದು ಕಡೆ ಹಳದಿ. ಅವರ ಊರು ನೀಲಿಯಲ್ಲಿತ್ತು. ಹೊಲ ಮಾತ್ರ ಒಣಗಿ ಬಿರುಕು ಬಿಟ್ಟಿದೆ ಎಂದು ಅವರ ದೂರು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. “ಓದಿ ತಿಳಿದುಕೊಂಡು ಪ್ರಕಟಣೆಯಲ್ಲಿ ಬರೀತೀನ್ರಿ” ಎಂದು ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲು ಈ ಬರಹ.

ನಾನು ವಿಜ್ಞಾನಿಯಲ್ಲ. ಸೇವೆಯಲ್ಲಿದ್ದಷ್ಟು ಕಾಲ ಕಂದಾಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಮಳೆ ರಿಜಿಸ್ಟರು, ಪೈಸೆವಾರಿ ತಖ್ತೆ ಬರೆದವನು. ಹಾಗಾಗಿ ಅಂಕಿಯೊಂದು ಎಲ್ಲಿಂದ ಬರುತ್ತದೆ, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ನೋಡುವ ಅಭ್ಯಾಸವಿದೆ. ಇಲ್ಲಿಯೂ ಅದನ್ನೇ ಮಾಡಿದ್ದೇನೆ.

ಮಳೆ ಬೇರೆ, ಹಸಿ ಬೇರೆ

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆ ಸೆಪ್ಟೆಂಬರಿನಲ್ಲಿ ನಮ್ಮ ರಿಜಿಸ್ಟರಿನ ಪ್ರಕಾರ ಮಳೆ ವಾಡಿಕೆಗೆ ಹತ್ತಿರವೇ ಇತ್ತು. ನಿಜ ಸಂಗತಿ ಏನೆಂದರೆ, ತಿಂಗಳ ಮಳೆಯೆಲ್ಲ ಎರಡು ರಾತ್ರಿ ಸುರಿದು ಹಳ್ಳ ಸೇರಿತ್ತು. ಆಮೇಲೆ ಉತ್ತರಿ ಮಳೆಯೂ ಇಲ್ಲ, ಹಸ್ತದ ಮಳೆಯೂ ಇಲ್ಲ. ಒಂದು ದಿನ ವಯಸ್ಸಾದ ರೈತರೊಬ್ಬರು ಕಚೇರಿಗೆ ಬಂದು, ಧೋತರದ ಗಂಟು ಬಿಚ್ಚಿ, ಮಣ್ಣಿನ ಒಂದು ಹೆಂಟೆಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಕಲ್ಲಿನಂತೆ ಒಣಗಿತ್ತು. “ಸಾಹೇಬ್ರ, ನಿಮ್ಮ ಪುಸ್ತಕದಾಗ ಮಳಿ ಆಗೇದ. ನಮ್ಮ ಹೊಲದಾಗ ಇದು ಅದ. ಇದನ್ನೂ ಬರಕೋರಿ” ಎಂದರು.

ಬರೆದುಕೊಳ್ಳಲು ನನ್ನ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ. ಮಳೆ ಎಷ್ಟು ಮಿಲಿಮೀಟರ್ ಎಂಬ ಕಾಲಂ ಇತ್ತು, ಬೆಳೆ ಎಷ್ಟು ಪೈಸೆ ಎಂಬ ಕಾಲಂ ಇತ್ತು. ಎರಡರ ನಡುವೆ ಮಣ್ಣು ಇರಲಿಲ್ಲ. ಆ ವರ್ಷ ಆ ಊರಿನ ಪೈಸೆವಾರಿ 50ರ ಮೇಲೆ ನಿಂತಿತು. ಪರಿಹಾರ ಬರಲಿಲ್ಲ. ಆ ತಖ್ತೆಯ ಅಂಕಿ ಬರೆದದ್ದು ನನ್ನ ಕೈಯೇ.

ನಮ್ಮ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಹಸಿಯ ಮಾತು ಏಕೆ ಇಷ್ಟು ದೊಡ್ಡದು ಎಂದು ಬೇರೆ ಕಡೆಯ ಸದಸ್ಯರಿಗೆ ಒಂದು ಮಾತು ಹೇಳಬೇಕು. ಇಲ್ಲಿಯ ಹಿಂಗಾರಿ ಬಿಳಿಜೋಳ ಮಳೆಯಲ್ಲಿ ಬೆಳೆಯುವ ಬೆಳೆಯಲ್ಲ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆ ನೆಲ ಕುಡಿದಿಟ್ಟುಕೊಂಡ ನೀರಿನ ಮೇಲೆಯೇ ಬಿತ್ತಿ, ಆಮೇಲೆ ಹನಿ ಬೀಳದಿದ್ದರೂ ಜನವರಿ–ಫೆಬ್ರವರಿಯ ತನಕ ಆ ಹಸಿಯ ಮೇಲೆಯೇ ತೆನೆ ಕಟ್ಟಬೇಕು. ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ಎಂಬ ಹೆಸರಾಂತ ತಳಿ ಹುಟ್ಟಿದ್ದು ನಮ್ಮ ಜಿಲ್ಲೆಯ ಮೋಹೋಳದಲ್ಲಿ. ಅದು ಇಷ್ಟು ಕಾಲ ಉಳಿದದ್ದೂ ಈ ಗುಣದಿಂದಲೇ. ಮಳೆ ಬ್ಯಾಂಕಿಗೆ ಕಟ್ಟಿದ ಹಣವಾದರೆ ಹಸಿ ಎಂಬುದು ಖಾತೆಯಲ್ಲಿ ಉಳಿದ ಬಾಕಿ. ಜೋಳ ಬದುಕುವುದು ಬಾಕಿಯ ಮೇಲೆ.

ನೆಲದ ಮೇಲೆ ಅಳೆಯುವ ರೀತಿ

ಹಳೆಯ ಪದ್ಧತಿ ಸರಳ. ಹೊಲದಿಂದ ಮಣ್ಣು ತಂದು ತೂಗಬೇಕು. 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಒಂದು ಲೀಟರಿನ ಡಬ್ಬಿ ತುಂಬ ಹೊಲದಲ್ಲಿದ್ದ ಹಾಗೆಯೇ ತೆಗೆದ ಮಣ್ಣಿನಿಂದ 250 ಗ್ರಾಂ ನೀರು ಹೋಯಿತೆಂದರೆ ಆ ಮಣ್ಣಿನ ತೇವಾಂಶ ಶೇಕಡಾ 25. ಉಪಗ್ರಹದ ಅಂಕಿಯೂ ಇದೇ ಲೆಕ್ಕದ್ದು: ಇಷ್ಟು ಮಣ್ಣಿನ ಜಾಗದಲ್ಲಿ ಇಷ್ಟು ಪಾಲು ನೀರು.

ಈ ಪದ್ಧತಿಯಲ್ಲಿ ಸುಳ್ಳಿಲ್ಲ. ಆದರೆ ಅದು ಆ ಡಬ್ಬಿಯ ಸತ್ಯ ಅಷ್ಟೇ. ತಾಲೂಕಿನ ಪ್ರತಿ ಹೊಲಕ್ಕೆ ಹೋಗಿ ವಾರಕ್ಕೆ ಎರಡು ಸಲ ಮಣ್ಣು ತರುವವರು ಯಾರು? ಮಳೆಮಾಪಕದ ಕಥೆಯೂ ಹಾಗೆಯೇ. ಅದರ ಬಾಯಿ ಒಂದು ಮೊರದಷ್ಟೂ ಅಗಲವಿಲ್ಲ. ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರನ್ನು ಅಳೆದು ಹತ್ತಾರು ಹಳ್ಳಿಗಳ ಹೆಸರಿನಲ್ಲಿ ಬರೆಯುತ್ತೇವೆ. ಆದ್ದರಿಂದಲೇ ಮೇಲಿನಿಂದ ಒಮ್ಮೆಲೇ ಎಲ್ಲವನ್ನೂ ನೋಡುವ ದಾರಿ ಬೇಕಾಯಿತು.

ಒದ್ದೆ ನೆಲ ಏಕೆ ಬೇರೆಯಾಗಿ ಕಾಣುತ್ತದೆ

ಬಿಸಿ ಇರುವ ಯಾವುದೇ ವಸ್ತು ತನ್ನಷ್ಟಕ್ಕೆ ಕಿರಣ ಹೊರಸೂಸುತ್ತದೆ. ನಮ್ಮ ಹೊಲವೂ ರಾತ್ರಿ ಹಗಲು ಸೂಸುತ್ತಲೇ ಇರುತ್ತದೆ. ಅದರಲ್ಲಿ ಬಹಳ ಸಣ್ಣ ಪಾಲು ಮೈಕ್ರೋವೇವ್, ಅಂದರೆ ಸೂಕ್ಷ್ಮತರಂಗ. ಹೆಸರು ಸೂಕ್ಷ್ಮವಾದರೂ ಇಲ್ಲಿ ಬಳಸುವ ತರಂಗದ ಉದ್ದ 21 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಕಣ್ಣಿಗೆ ಕಾಣುವ ಬೆಳಕಿನ ತರಂಗ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಚಿಕ್ಕದು. ಅದಕ್ಕೆ ಮೋಡ ಅಡ್ಡ, ಎಲೆ ಅಡ್ಡ. ಗೇಣುದ್ದದ ತರಂಗ ಮೋಡವನ್ನು ದಾಟುತ್ತದೆ, ಜೋಳ–ಶೇಂಗಾದಂಥ ಬೆಳೆಯ ಎಲೆಗಳನ್ನೂ ಬಹುಮಟ್ಟಿಗೆ ದಾಟುತ್ತದೆ.

ಈ ತರಂಗದ ವಿಷಯದಲ್ಲಿ ನೀರಿಗೂ ಒಣ ಮಣ್ಣಿಗೂ ಬಹಳ ಅಂತರ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಒಂದು ಅಂಕಿ ಇಟ್ಟಿದ್ದಾರೆ. ಒಣ ಮಣ್ಣಿಗೆ ಅದು 4ರ ಆಸುಪಾಸು, ನೀರಿಗೆ 80ರ ಹತ್ತಿರ. ಮಣ್ಣಿನೊಳಗೆ ನೀರು ಸೇರಿದಷ್ಟೂ ಆ ಅಂಕಿ ಏರುತ್ತದೆ. ಏರಿದಷ್ಟೂ ನೆಲದ ಮೇಲ್ಮೈ ಕನ್ನಡಿಯಂತಾಗಿ, ಒಳಗಿನಿಂದ ಹೊರಡುವ ತರಂಗಗಳನ್ನು ಒಳಕ್ಕೇ ತಿರುಗಿಸುತ್ತದೆ. ಹೊರಬರುವುದು ಕಡಿಮೆ.

ಲೆಕ್ಕ ಹಾಕಿ ನೋಡೋಣ. ನೆಲದ ಉಷ್ಣತೆ 27 ಡಿಗ್ರಿ, ಅಂದರೆ ವಿಜ್ಞಾನದ ಅಳತೆಯಲ್ಲಿ 300 ಕೆಲ್ವಿನ್ ಎನ್ನಿ. ಒಣ ನೆಲ ಸೂಸಬೇಕಾದುದರಲ್ಲಿ ನೂರಕ್ಕೆ 95ರಷ್ಟನ್ನು ಸೂಸಿದರೆ ಉಪಗ್ರಹಕ್ಕೆ ಅದು 285 ಕೆಲ್ವಿನ್ ಇದ್ದಂತೆ ಕಾಣುತ್ತದೆ. ತೀರಾ ಒದ್ದೆಯಾದ ಬೋಳು ನೆಲ ನೂರಕ್ಕೆ 60ರಷ್ಟನ್ನೇ ಸೂಸಿದರೆ 180 ಕೆಲ್ವಿನ್. ಕೈಯಿಟ್ಟು ನೋಡಿದರೆ ಎರಡೂ ಅಷ್ಟೇ ಬಿಸಿ, ಉಪಗ್ರಹದ ಕಣ್ಣಿಗೆ ನೂರು ಕೆಲ್ವಿನ್ ವ್ಯತ್ಯಾಸ. ಈ ವ್ಯತ್ಯಾಸದಿಂದಲೇ ತೇವಾಂಶದ ಲೆಕ್ಕ ತೆಗೆಯುತ್ತಾರೆ. ಬೆಳೆಯ ದಟ್ಟಣೆ, ನೆಲದ ಉಷ್ಣತೆ, ಮಣ್ಣಿನ ಜಾತಿ, ಹೊಲದ ಏರುಪೇರು ಇವೆಲ್ಲವನ್ನೂ ಕೂಡಿಸಿ ಕಳೆದು ಕೊನೆಗೆ ಒಂದು ಅಂಕಿ ಬರುತ್ತದೆ.

ಎರಡು ಉಪಗ್ರಹಗಳು

ಈ ಕೆಲಸಕ್ಕೆಂದೇ ಹೋದ ಮೊದಲ ಉಪಗ್ರಹ ಯುರೋಪ್ ಬಾಹ್ಯಾಕಾಶ ಸಂಸ್ಥೆಯ ಸ್ಮೋಸ್. 2009ರ ನವೆಂಬರ್ 2ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಹಾರಿತು. ಮಣ್ಣಿನ ತೇವದ ಜೊತೆಗೆ ಸಮುದ್ರದ ಉಪ್ಪನ್ನೂ ಅಳೆಯುವುದು ಅದರ ಕೆಲಸ. ತರಂಗ ಉದ್ದವಾದಷ್ಟೂ ಹಿಡಿಯುವ ಆಂಟೆನಾ ದೊಡ್ಡದಾಗಬೇಕು. ಅಷ್ಟು ದೊಡ್ಡ ಬುಟ್ಟಿಯನ್ನು ಮೇಲಕ್ಕೆ ಒಯ್ಯುವ ಬದಲು ಮೂರು ತೋಳುಗಳ ಮೇಲೆ 69 ಪುಟ್ಟ ಆಂಟೆನಾಗಳನ್ನು ಜೋಡಿಸಿದರು. ಎಲ್ಲವೂ ಕೂಡಿ ಒಂದು ದೊಡ್ಡ ಆಂಟೆನಾದಂತೆ ಕೆಲಸ ಮಾಡುತ್ತವೆ. ಮೂರು ವರ್ಷಕ್ಕೆಂದು ಕಳಿಸಿದ್ದು ಹದಿನೈದು ವರ್ಷ ದಾಟಿ ಕೆಲಸ ಮಾಡಿದೆ.

ಎರಡನೆಯದು ಅಮೆರಿಕದ ನಾಸಾದ ಸ್ಮ್ಯಾಪ್, 2015ರ ಜನವರಿ 31ರಂದು ಹೋದದ್ದು. ಇದರದು 6 ಮೀಟರ್ ಅಗಲದ ಬಲೆಯ ಆಂಟೆನಾ. ಛತ್ರಿಯಂತೆ ಮಡಚಿ ಒಯ್ದು ಮೇಲೆ ಬಿಡಿಸಿದರು. ಅದು ನಿಮಿಷಕ್ಕೆ ಹದಿನಾಲ್ಕಕ್ಕೂ ಹೆಚ್ಚು ಸುತ್ತು ತಿರುಗುತ್ತ 685 ಕಿಲೋಮೀಟರ್ ಎತ್ತರದಿಂದ ನೆಲವನ್ನು ಗುಡಿಸಿದಂತೆ ನೋಡುತ್ತದೆ.

ಎರಡೂ ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ಬೆಳಗಿನ ಮತ್ತು ಸಂಜೆಯ ಆರರ ಸುಮಾರಿಗೆ. ಬೆಳಗಿನ ಜಾವ ಮಣ್ಣು, ಬೆಳೆ, ಗಾಳಿ ಮೂರರ ಉಷ್ಣತೆಯೂ ಹತ್ತಿರ ಹತ್ತಿರ ಇರುತ್ತದೆ, ಲೆಕ್ಕದಲ್ಲಿ ತಪ್ಪು ಕಡಿಮೆ. ನಮ್ಮ ರೈತರು ಹೊಲಕ್ಕೆ ಹೋಗಿ ಮಣ್ಣು ಮುಟ್ಟಿ ನೋಡುವ ಹೊತ್ತೂ ಅದೇ! ಮೂರು ದಿನಕ್ಕೊಮ್ಮೆಯಾದರೂ ಭೂಮಿಯ ಬಹುತೇಕ ಭಾಗವನ್ನು ಇವು ನೋಡಿ ಮುಗಿಸುತ್ತವೆ.

ಇವುಗಳಿಗೆ ಒಂದು ಕಾಟವೂ ಇದೆ. 1400ರಿಂದ 1427 ಮೆಗಾಹರ್ಟ್ಸ್ ತನಕದ ರೇಡಿಯೋ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದು ಎಂದು ಅಂತಾರಾಷ್ಟ್ರೀಯ ನಿಯಮ. ನೆಲದ ಕ್ಷೀಣ ದನಿಯನ್ನು ಕೇಳಬೇಕಾದದ್ದು ಅಲ್ಲಿಯೇ. ಆದರೂ ಸ್ಮೋಸ್ ಕಣ್ಣು ಬಿಟ್ಟಾಗ ಯುರೋಪ್, ಏಷ್ಯಾಗಳ ಹಲವು ಕಡೆ ನಿಯಮ ಮೀರಿದ ಪ್ರಸಾರಗಳು ಕಂಡವು. ಸಭೆ ನಡೆಯುವಾಗ ಬಾಗಿಲ ಬಳಿ ಧ್ವನಿವರ್ಧಕ ಹಚ್ಚಿದಂತೆ. ಆ ದೇಶಗಳಿಗೆ ಪತ್ರ ಬರೆದು ಒಂದೊಂದಾಗಿ ಬಂದ್ ಮಾಡಿಸಬೇಕಾಯಿತು. ಆಕಾಶದ ವಿಜ್ಞಾನಕ್ಕೂ ಪತ್ರವ್ಯವಹಾರ ತಪ್ಪಿದ್ದಲ್ಲ ಎಂದು ಓದಿ ನನ್ನಂಥ ಗುಮಾಸ್ತನಿಗೆ ಸಮಾಧಾನವಾಯಿತು.

ಚೌಕದ ಲೆಕ್ಕ

ಈಗ ನಮ್ಮ ಹಿರಿಯರ ನೀಲಿ ಬಣ್ಣಕ್ಕೆ ಬರೋಣ. ಈ ಎರಡು ಉಪಗ್ರಹಗಳ ಒಂದು ಅಂಕಿ ಸುಮಾರು 40 ಕಿಲೋಮೀಟರ್ ಉದ್ದಗಲದ ಚೌಕಕ್ಕೆ ಸೇರಿದ್ದು. 40ನ್ನು 40ರಿಂದ ಗುಣಿಸಿದರೆ 1600 ಚದರ ಕಿಲೋಮೀಟರ್, ಹೆಚ್ಚುಕಡಿಮೆ 4 ಲಕ್ಷ ಎಕರೆ, ಒಂದು ತಾಲೂಕಿನಷ್ಟು. ಸೋಲಾಪುರದಿಂದ ಅಕ್ಕಲಕೋಟದ ತನಕದ ದೂರವೇ ಒಂದು ಚೌಕದ ಅಗಲ. ಅಷ್ಟರಲ್ಲಿ ಕಾಲುವೆ ನೀರಿನ ಕಬ್ಬೂ ಇರುತ್ತದೆ, ಕೆರೆಯೂ ಇರುತ್ತದೆ, ಬಿರುಕು ಬಿಟ್ಟ ಎರೆ ಹೊಲವೂ ಇರುತ್ತದೆ. ಎಲ್ಲದರ ಸರಾಸರಿ ನೀಲಿ ಬಂದರೆ ಅವರ ಹೊಲವೂ ನೀಲಿಯೊಳಗೆ ಸೇರಿಹೋಗುತ್ತದೆ. ಉಪಗ್ರಹ ಸುಳ್ಳು ಹೇಳಲಿಲ್ಲ, ಹೊಲವೂ ಸುಳ್ಳಲ್ಲ. ತಾಲೂಕಿನ ಅಂಕಿಯನ್ನು ಯಾರೋ ಹೊಲದ ಅಂಕಿ ಎಂದು ಹಂಚಿದರು.

ಚೌಕ ಸಣ್ಣದಾಗಬೇಕೆಂದೇ ಸ್ಮ್ಯಾಪ್‌ನಲ್ಲಿ ರೇಡಾರ್ ಕೂಡ ಇಟ್ಟಿದ್ದರು. ಮೊದಲು ಹೇಳಿದ್ದು ನೆಲದ ದನಿಯನ್ನು ಸುಮ್ಮನೆ ಕೇಳುವ ಯಂತ್ರ. ರೇಡಾರ್ ಹಾಗಲ್ಲ. ತಾನೇ ತರಂಗ ಕಳಿಸಿ, ನೆಲಕ್ಕೆ ಬಡಿದು ವಾಪಸು ಬಂದದ್ದನ್ನು ಅಳೆಯುತ್ತದೆ. ಒದ್ದೆ ನೆಲದಿಂದ ವಾಪಸು ಬರುವುದು ಹೆಚ್ಚು. ರೇಡಾರ್ ಬಲು ಸಣ್ಣ ಜಾಗವನ್ನೂ ಬೇರೆ ಬೇರೆಯಾಗಿ ನೋಡಬಲ್ಲದು, ಆದರೆ ಹೊಲದ ಏರುಪೇರು, ಬೆಳೆಯ ಎತ್ತರ ಅದನ್ನು ಬೇಗ ದಾರಿ ತಪ್ಪಿಸುತ್ತವೆ. ಎರಡನ್ನೂ ಕೂಡಿಸಿ 9 ಕಿಲೋಮೀಟರ್ ಚೌಕಕ್ಕೆ, ಅಂದರೆ ಸುಮಾರು 20 ಸಾವಿರ ಎಕರೆಗೆ ಇಳಿಸುವುದು ಉದ್ದೇಶವಾಗಿತ್ತು. 2015ರ ಜುಲೈ 7ರಂದು ಆ ರೇಡಾರ್ ಕೆಟ್ಟು ನಿಂತಿತು, ಮತ್ತೆ ಏಳಲಿಲ್ಲ. ಆಮೇಲೆ ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಮಾಹಿತಿಯನ್ನು ಸ್ಮ್ಯಾಪ್ ಮಾಹಿತಿಯ ಜೊತೆ ಕೂಡಿಸಿ ಸಣ್ಣ ಚೌಕದ ನಕಾಶೆ ಮಾಡುವ ದಾರಿ ಕಂಡುಕೊಂಡರು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಇಸ್ರೋ 2022ರ ಫೆಬ್ರವರಿ 14ರಂದು ಹಾರಿಸಿದ ಇಒಎಸ್-04 ರೇಡಾರ್ ಉಪಗ್ರಹದ ಕೆಲಸಗಳಲ್ಲಿ ಮಣ್ಣಿನ ತೇವವೂ ಒಂದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಅಂತೂ ನಾಸಾ ಮತ್ತು ಇಸ್ರೋ ಎರಡೂ ಸೇರಿ ಕಟ್ಟಿದ್ದು. ಅದರ ಆಂಟೆನಾ 12 ಮೀಟರ್ ಅಗಲ. ಎರಡು ರೇಡಾರ್‌ಗಳಲ್ಲಿ 24 ಸೆಂಟಿಮೀಟರ್ ತರಂಗದ್ದು ನಾಸಾದ್ದು, ಇನ್ನೂ ಗಿಡ್ಡ ತರಂಗದ್ದು ಇಸ್ರೋದ್ದು. ಮಣ್ಣಿನ ತೇವದ ನಕಾಶೆಯನ್ನು 200 ಮೀಟರ್ ಚೌಕಕ್ಕೆ ಕೊಡುವ ಯೋಜನೆ ಅದರದು. 200 ಮೀಟರ್ ಚೌಕ ಎಂದರೆ 4 ಹೆಕ್ಟೇರ್, ಹತ್ತು ಎಕರೆ. ಅಲ್ಲಿಗೆ ನಿಜಕ್ಕೂ ಹೊಲದ ಮಾತು ಬಂತು. ಆದರೆ ಒಂದೇ ಜಾಗವನ್ನು ಅದೇ ದಿಕ್ಕಿನಿಂದ ಅದು ಮತ್ತೆ ನೋಡುವುದು 12 ದಿನಕ್ಕೊಮ್ಮೆ. ಬಿತ್ತನೆಯ ಹೊತ್ತಿನಲ್ಲಿ 12 ದಿನದಲ್ಲಿ ಹದ ಬಂದೂ ಹೋಗಿರುತ್ತದೆ. ಒಂದು ಪದೇ ಪದೇ ನೋಡುತ್ತದೆ, ದೊಡ್ಡದಾಗಿ ನೋಡುತ್ತದೆ. ಇನ್ನೊಂದು ಸಣ್ಣದನ್ನು ನೋಡುತ್ತದೆ, ತಡವಾಗಿ ಬರುತ್ತದೆ. ಎರಡೂ ಬೇಕು.

ಆಳದ ಲೆಕ್ಕ, ಮಣ್ಣಿನ ಲೆಕ್ಕ

ಇನ್ನೊಂದು ಮುಖ್ಯ ಮಾತು. ಗೇಣುದ್ದದ ತರಂಗವೂ ಹೇಳುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನ ಸುದ್ದಿಯನ್ನು ಮಾತ್ರ. ಎರಡು ಇಂಚು. ನಮ್ಮ ಬಿಳಿಜೋಳದ ಬೇರು ಮೀಟರ್ ಆಳಕ್ಕೆ ಹೋಗಿ ನೀರು ಹುಡುಕುತ್ತದೆ. ಒಂದು ತುಂತುರು ಬಿದ್ದರೆ ಮೇಲಿನ ಎರಡು ಇಂಚು ಒದ್ದೆಯಾಗಿ ನಕಾಶೆ ನೀಲಿಯಾಗುತ್ತದೆ, ಕೆಳಗೆ ಧೂಳೇ ಇರಬಹುದು. ಡಿಸೆಂಬರಿನಲ್ಲಿ ಮೇಲ್ಪದರ ಒಣಗಿ ಹಳದಿ ಕಂಡರೂ ಕೆಳಗಿನ ಹಸಿಯ ಮೇಲೆ ಜೋಳ ಹಸಿರಾಗಿಯೇ ನಿಂತಿರಬಹುದು. ಮೇಲ್ಪದರದ ಅಳತೆಯನ್ನು ಮಳೆ, ಬಿಸಿಲು, ಗಾಳಿಯ ಅಂಕಿಗಳ ಜೊತೆ ಗಣಕಯಂತ್ರಕ್ಕೆ ಕೊಟ್ಟು ಬೇರಿನ ಮಟ್ಟದ ತೇವವನ್ನು ಅಂದಾಜು ಮಾಡುತ್ತಾರೆ. ಅಂದಾಜು ಎಂಬ ಮಾತನ್ನು ಮರೆಯಬಾರದು. ಮೇಲ್ಪದರದ ಅಳತೆಯಲ್ಲೂ 4 ಅಂಕಿಯಷ್ಟು ಹೆಚ್ಚುಕಡಿಮೆ ಇರಬಹುದೆಂದು ಇಟ್ಟುಕೊಂಡೇ ಈ ಉಪಗ್ರಹಗಳನ್ನು ಕಟ್ಟಿದ್ದು. 20 ಎಂದು ಬಂದರೆ 16ರಿಂದ 24ರೊಳಗೆ ಎಲ್ಲೋ ಇದೆ ಎಂದು ತಿಳಿಯಬೇಕು.

ಒಂದೇ ಅಂಕಿ ಎಲ್ಲ ಊರಿಗೂ ಒಂದೇ ಅರ್ಥ ಕೊಡುವುದಿಲ್ಲ. ಮಡಕಶಿರಾ ಕಡೆಯ ಮರಳು ಬೆರೆತ ಕೆಂಪು ನೆಲದಲ್ಲಿ 20 ಅಂದರೆ ಶೇಂಗಾ ನಗುತ್ತಿರುತ್ತದೆ. ಆದವಾನಿ, ಸೋಲಾಪುರದ ಎರೆ ನೆಲದಲ್ಲಿ 20 ಇದ್ದಾಗಲೂ ಬೆಳೆ ಬಾಡಬಹುದು. ಜಿಗುಟು ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಇನ್ನು ವಯನಾಡು, ನೀಲಗಿರಿಯ ಸದಸ್ಯರು ಗಮನಿಸಬೇಕು: ದಟ್ಟ ಕಾಡು ಮತ್ತು ಬೆಟ್ಟದ ಸೀಮೆಯಲ್ಲಿ ಈ ಅಳತೆ ಅಷ್ಟು ನಂಬಿಕೆಗೆ ಬರುವುದಿಲ್ಲ. ಕಾಸರಗೋಡಿನಂಥ ಕಡಲ ದಂಡೆಯಲ್ಲಿ ಚೌಕದೊಳಗೆ ಸಮುದ್ರವೂ ಸೇರಿ ಲೆಕ್ಕ ಕೆಡುತ್ತದೆ.

ನಮಗೇನು ಉಪಯೋಗ

ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆಯ ಕೊರತೆಯ ಜೊತೆಗೆ ಬಿತ್ತನೆಯಾದ ಕ್ಷೇತ್ರ, ಉಪಗ್ರಹದಿಂದ ಕಂಡ ಬೆಳೆಯ ಸ್ಥಿತಿ, ಕೆರೆ–ಜಲಾಶಯ–ಅಂತರ್ಜಲದ ಮಟ್ಟ ಮತ್ತು ಮಣ್ಣಿನ ತೇವ ಇವನ್ನೂ ನೋಡಬೇಕೆಂದು ಹೇಳಿದೆ. ನನ್ನ ಕಾಲದ ರಿಜಿಸ್ಟರಿನಲ್ಲಿ ಇಲ್ಲದ ಕಾಲಂ ಕಾಗದದ ಮೇಲೆ ಬಂದಿದೆ. ಅದನ್ನು ಸರಿಯಾಗಿ ತುಂಬಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ನಕಾಶೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ: ಇದು ಎಷ್ಟು ಆಳದ್ದು? ಎಷ್ಟು ದೊಡ್ಡ ಚೌಕದ್ದು? ಯಾವ ತಾರೀಖಿನದು? ನಮ್ಮ ಮಣ್ಣಿಗೆ ಈ ಅಂಕಿ ಎಂದರೆ ಹಸಿಯೋ ಬರವೋ?

ಜೊತೆಗೆ ಒಂದು ನೋಟುಬುಕ್ಕು ಇಡಿ. ವಾರಕ್ಕೊಮ್ಮೆ ಒಂದೇ ಜಾಗದ ಹತ್ತಿರ ಗೇಣು ಆಳ ಅಗೆದು, ಮಣ್ಣು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಉಂಡೆ ಕಟ್ಟಿತೇ, ಪುಡಿಯಾಯಿತೇ ಎಂದು ತಾರೀಖು ಹಾಕಿ ಬರೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ತಾಲೂಕಿನ ಸರಾಸರಿ ನೀಲಿಯಾಗಿದ್ದಾಗ ನಿಮ್ಮ ಊರಿನ ಹಳದಿಯನ್ನು ತೋರಿಸಲು ನಿಮ್ಮ ಹತ್ತಿರ ಒಂದು ದಾಖಲೆಯಾದರೂ ಇರುತ್ತದೆ. ಬಾಯಿಮಾತಿಗಿಂತ ತಾರೀಖು ಹಾಕಿದ ಬರಹಕ್ಕೆ ಕಚೇರಿಯಲ್ಲಿ ಬೆಲೆ ಜಾಸ್ತಿ. ಇದು ನನ್ನ ಸೇವೆಯ ಅನುಭವ.

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ಭೀಮೆಯ ಈ ದಂಡೆಯ ಹಳ್ಳಿ ಒಂದು ರಾಜ್ಯದ ಪಟ್ಟಿಯಲ್ಲಿ, ಆ ದಂಡೆಯದು ಇನ್ನೊಂದು ರಾಜ್ಯದ ಪಟ್ಟಿಯಲ್ಲಿ. ಉಪಗ್ರಹದ ಒಂದೇ ಚೌಕದಲ್ಲಿ ಅಕ್ಕಲಕೋಟದ ಊರುಗಳೂ ಆಳಂದ, ಇಂಡಿ ತಾಲೂಕುಗಳ ಊರುಗಳೂ ಬರಬಹುದು. ಎರಡೂ ಕಡೆಯ ನೆಲವನ್ನು ಒಂದೇ ಅಳತೆಗೋಲಿನಿಂದ ಅಳೆದ ಅಂಕಿ ಇದು. ಮನವಿ ಬರೆಯುವಾಗ ಎರಡೂ ಬದಿಯ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಬಹುದು.

ಆ ದಿನ ನನ್ನ ಮೇಜಿನ ಮೇಲೆ ಹೆಂಟೆ ಇಟ್ಟ ಹಿರಿಯರು ಈಗ ಇಲ್ಲ. 40 ಕಿಲೋಮೀಟರ್ ಚೌಕದ ಉಪಗ್ರಹ ಆಗ ಇದ್ದಿದ್ದರೂ ಅವರ ಹೊಲವೊಂದನ್ನೇ ಬೇರೆ ಮಾಡಿ ತೋರಿಸುತ್ತಿರಲಿಲ್ಲ. ಆದರೆ ತಿಂಗಳ ಮಳೆ ಬಿದ್ದೂ ಸೀಮೆಯೇ ಒಣಗಿದೆ ಎಂಬುದನ್ನು ತೋರಿಸುತ್ತಿತ್ತು. ಆಗ ನಾನು ತಖ್ತೆಯ ಕೆಳಗೆ ಒಂದು ಷರಾ ಬರೆಯಬಹುದಿತ್ತು. ಅಷ್ಟಾದರೂ ಆಗುತ್ತಿತ್ತು.

ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ನಿಮ್ಮ ಹೊಲದಿಂದ ಒಂದು ಹಿಡಿ ಮಣ್ಣನ್ನು ಡಬ್ಬಿಯಲ್ಲಿ ಮುಚ್ಚಿ ತನ್ನಿ. ತಕ್ಕಡಿ ನಾನು ತರುತ್ತೇನೆ. ಅಲ್ಲೇ ತೂಗಿ ಬರೆದುಕೊಂಡು, ಒಣಗಿಸಿ ಮತ್ತೆ ತೂಗಿ, ಅದರ ಮುಂದಿನ ಸಭೆಯಲ್ಲಿ ಊರುವಾರು ಪಟ್ಟಿ ಓದೋಣ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ